ಅರೆಗೆಲಸದ ಅಂಗೀಕಾರ

(ಬಾನುಲಿ ಭಾಷಣ)

ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಲ್ಲಿ. ಹೆಸರಿನಲ್ಲಿ ಹಳ್ಳಿಯುಂಟು, ಕೆರೆಯುಂಟು, ಕೆರೆ ಹೊಸದೆಂಬ ಹೇಳಿಕೆಯೂ ಉಂಟು. ಹೊಸದೆಂದು ಕರೆದವರು ಹೋಗಿ ಎಷ್ಟೋ ತಲೆಮಾರುಗಳಾದುವು. ಹೆಸರು ಮಾತ್ರ ಹಳೆಯದಾಗಲು ಒಪ್ಪಿಲ್ಲ. ಈ ಹೆಸರೇ ಒಂದು ಭಾನುವಾರ ನಮ್ಮ ನಡುಮನೆಯಲ್ಲಿ ದೊಡ್ಡದೊಂದು ವಾಗ್ವಾದಕ್ಕೆ ಕಾರಣವಾಯಿತು. ಇಂದಿನ ನನ್ನ ಮಾತು ಆ ವಾಗ್ವಾದವನ್ನೂ ಅದರ ಹಿಂದಿರುವ ಮೂರೂವರೆ ದಶಕಗಳ ಇತಿಹಾಸವನ್ನೂ ಕುರಿತದ್ದು.

ಭಾನುವಾರಗಳಂದು ನಮ್ಮಲ್ಲಿಗೆ ಐದಾರು ಮಂದಿ ತರುಣ ತರುಣಿಯರು ಬರುತ್ತಾರೆ. ಕೆಲವರು ಹತ್ತಿರದ ವರ್ತುಲ ರಸ್ತೆಯ ಕಾಲೇಜುಗಳಲ್ಲಿ ಓದುತ್ತಿರುವವರು, ಕೆಲವರು ಕಂಪೆನಿಗಳಲ್ಲಿ ದುಡಿಯುವವರು. ಕನ್ನಡ ಬರಹದ ತಪ್ಪುಗಳನ್ನು ಗಣಕಯಂತ್ರವೇ ಕಂಡುಹಿಡಿದು ಕೆಂಪು ಗೆರೆ ಎಳೆದು ತೋರಿಸುವಂಥ ಒಂದು ಪದಪರೀಕ್ಷಕವನ್ನು ಅವರು ಬಿಡುವಿನ ವೇಳೆಯಲ್ಲಿ ರಚಿಸುತ್ತಿದ್ದಾರೆ. ಅದಕ್ಕೆ ಬೆಲೆಯಿಲ್ಲ, ಮಾಡುವವರಿಗೆ ಸಂಬಳವೂ ಇಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಆಯುಸ್ಸಿನ ಬಹುಭಾಗವನ್ನು ಕಳೆದ ನನ್ನನ್ನು, ಯಾವುದು ತಪ್ಪು, ಯಾವುದು ಒಪ್ಪು ಎಂದು ಕೇಳುವುದಕ್ಕಾಗಿ ಅವರು ಇಟ್ಟುಕೊಂಡಿದ್ದಾರೆ.

ಕನ್ನಡಕ್ಕೆ ಪದಪರೀಕ್ಷಕ ಮಾಡುವುದು ಸುಲಭವಲ್ಲ. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಹತ್ತುತ್ತದೆ, ಪದಕ್ಕೆ ಪದ ಕೂಡುತ್ತದೆ. ಪಟ್ಟಿ ಎಷ್ಟು ದೊಡ್ಡದಾದರೂ ಸಾಲದು. ಸಂಧಿಯನ್ನು ಬಿಡಿಸಿ ನೋಡುವ ಬುದ್ಧಿಯನ್ನು ಯಂತ್ರಕ್ಕೆ ಕಲಿಸಬೇಕು. ಆ ದಿನ ಒಬ್ಬ ವಿದ್ಯಾರ್ಥಿನಿ ಅಂಥದೊಂದು ಭಾಗವನ್ನು ಬರೆದು ತಂದಿದ್ದಳು. ಲೋಪಸಂಧಿ, ಆಗಮಸಂಧಿಗಳಲ್ಲಿ ಅದು ಸಮರ್ಥವಾಗಿತ್ತು; ‘ಊರಲ್ಲಿ’, ‘ಮನೆಯಲ್ಲಿ’, ‘ಗುರುವನ್ನು’ ಎಲ್ಲವನ್ನೂ ಸರಿಯಾಗಿ ಬಿಡಿಸಿತು. ಆದೇಶಸಂಧಿಯಲ್ಲಿ ಮಾತ್ರ ಕೆಲಸ ಅರ್ಧಕ್ಕೆ ನಿಂತಿತ್ತು. ‘ಮಳೆಗಾಲ’, ‘ಬೆಟ್ಟದಾವರೆ’ಗಳನ್ನು ಅರಿತ ಯಂತ್ರಕ್ಕೆ ‘ಕಂಬನಿ’ ಒಡೆಯಲಿಲ್ಲ. ಹೊಸ ಕನ್ನಡ ‘ಹೊಸಗನ್ನಡ’ವಾಗುವುದೆಂಬ ಸೂತ್ರವನ್ನು ಕಲಿತ ಉತ್ಸಾಹದಲ್ಲಿ ಅದು ‘ಹೊಸಕೆರೆ’ಯ ಕೆಳಗೆ ಕೆಂಪು ಗೆರೆಯನ್ನೆಳೆದು ‘ಹೊಸಗೆರೆ’ ಎಂದು ತಿದ್ದಲು ಸೂಚಿಸಿತು. ನಮ್ಮ ಊರಿನ ಹೆಸರೇ ತಪ್ಪಾಯಿತು!

“ಪೂರ್ತಿ ಆದಮೇಲೆ ತೊಗೊಂಡು ಬಾಮ್ಮ, ಆಗ ಸೇರಿಸೋಣ” ಎಂದರು ಗುಂಪಿನಲ್ಲಿ ಹಿರಿಯರಾದ ಉದ್ಯೋಗಸ್ಥರೊಬ್ಬರು.

“ಒಬ್ಬಳಿಂದ ಪೂರ್ತಿ ಆಗಲ್ಲ ಅಂತಾನೇ ನಿಮ್ಮ ಮುಂದೆ ತಂದಿದ್ದು, ಸಾರ್” ಎಂದಳು ಆಕೆ.

ಈ ಎರಡು ಮಾತುಗಳಲ್ಲಿ ಒಂದು ಹಳೆಯ ವಿವಾದದ ಎರಡು ಪಕ್ಷಗಳೂ ಅಡಗಿವೆ. ಅದನ್ನು ವಿವರಿಸುವ ಮೊದಲು ಮುಕ್ತ ತಂತ್ರಾಂಶವೆಂದರೇನು ಎಂಬುದನ್ನು ಒಂದು ಮಾತಿನಲ್ಲಿ ಹೇಳಬೇಕು. ಅಂಗಡಿಯಲ್ಲಿ ಮಾರುವ ತಂತ್ರಾಂಶದ ಒಳಗಿನ ಬರಹವನ್ನು ಕೊಂಡವನು ಕಾಣುವಂತಿಲ್ಲ. ಮುಕ್ತ ತಂತ್ರಾಂಶದ ಬರಹವನ್ನಾದರೋ ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ತಾವು ತಿದ್ದಿದ್ದನ್ನು ಮೂಲಕ್ಕೆ ಸೇರಿಸಿಕೊಳ್ಳಿರೆಂದು ಕಳುಹಿಸಲೂಬಹುದು. ಸೇರಿಸಿಕೊಳ್ಳುವ ಅಥವಾ ನಿರಾಕರಿಸುವ ಹೊಣೆ ಅದರ ಪಾಲಕನದು. ಕಳುಹಿಸುವವನು ನೌಕರನಲ್ಲ, ಮುಗಿಸಿಯೇ ತಾ ಎಂದು ಆಜ್ಞಾಪಿಸುವಂತಿಲ್ಲ. ಸೇರಿಸಿಕೊಂಡ ಮೇಲೆ ಅವನು ಹೊರಟುಹೋದರೆ ಹಿಡಿದು ಕೇಳುವಂತಿಲ್ಲ. ಈ ಬಿಕ್ಕಟ್ಟಿನಿಂದ ಪ್ರಶ್ನೆ ಹುಟ್ಟುತ್ತದೆ: ಮುಗಿಯದ ಕೆಲಸವನ್ನು ಒಳಗೆ ಬಿಟ್ಟುಕೊಳ್ಳಬೇಕೆ, ಬೇಡವೆ?

ಇತಿಹಾಸ ಮೊದಲಿಗೆ ಬಿಟ್ಟುಕೊಳ್ಳಬೇಕೆಂಬ ಪಕ್ಷಕ್ಕೆ ಸಾಕ್ಷಿ ನುಡಿಯುವಂತೆ ತೋರುತ್ತದೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯವರು ಯಂತ್ರದ ತಿರುಳನ್ನು ನಡೆಸುವ ‘ಹರ್ಡ್’ ಎಂಬ ಭಾಗದ ರಚನೆಯನ್ನು 1990ರಲ್ಲಿ ಕೈಗೊಂಡರು. ವಿನ್ಯಾಸ ಉದಾತ್ತವಾಗಿತ್ತು, ಅಷ್ಟೇ ಕಠಿಣವೂ ಆಗಿತ್ತು. ಮರುವರ್ಷ, 1991ರ ಆಗಸ್ಟ್ 25ರಂದು, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣ, ತಾನು ಹವ್ಯಾಸಕ್ಕಾಗಿ ಅಂಥದೇ ಒಂದು ತಿರುಳನ್ನು ಬರೆಯುತ್ತಿರುವುದಾಗಿಯೂ ಅದು ದೊಡ್ಡದೇನೂ ಆಗದೆಂದೂ ತಿಳಿಸಿದ. ಸೆಪ್ಟೆಂಬರಿನಲ್ಲಿ ಹೊರಬಂದ ಅದರ ಮೊದಲ ಕರಡಿನಲ್ಲಿ ಸುಮಾರು ಹತ್ತು ಸಾವಿರ ಸಾಲುಗಳಿದ್ದುವು. ಅವನ ಮೇಜಿನ ಮೇಲಿದ್ದ ಬಗೆಯ ಯಂತ್ರವನ್ನು ಬಿಟ್ಟರೆ ಬೇರೆಡೆ ಅದು ನಡೆಯುತ್ತಿರಲಿಲ್ಲ. ಲಿನಕ್ಸ್ ಎಂದು ಹೆಸರಾದ ಆ ಅರೆಗೆಲಸವನ್ನು ಊರೂರುಗಳ ಜನ ಎತ್ತಿಕೊಂಡು ತಿದ್ದಿದರು. 1994ರ ಮಾರ್ಚಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂದಿತು. ಹರ್ಡ್ ಇಂದಿಗೂ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡಿಲ್ಲ.

ನಮ್ಮ ಬೆಂಗಳೂರಿಗೂ ಆ ಗಾಳಿ ಬೀಸಿತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಸಮ್ಮೇಳನವೊಂದು ಇಲ್ಲಿ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು 2013ರಲ್ಲಿ ತೀರಿಕೊಂಡ ಅತುಲ್ ಚಿಟ್ನಿಸ್. ಅದೇ 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೊಸ ಹೆಸರು ತಳೆದು 2012ರವರೆಗೆ ನಡೆಯಿತು. ಬೇರೆಯವರು ಮಾಡಿದ್ದನ್ನು ಬಳಸಿದರೆ ಸಾಲದು, ನಾವೂ ಕೈಹಚ್ಚಬೇಕು ಎಂಬ ಮಾತು ಆ ವೇದಿಕೆಯಿಂದ ಮತ್ತೆ ಮತ್ತೆ ಕೇಳಿಬಂದಿತು. ಕೈಹಚ್ಚಿದವನು ಮೊದಲ ದಿನವೇ ಪೂರ್ಣವಾದುದನ್ನು ತರಲಾರನಷ್ಟೆ.

ಆದರೆ ಲಿನಕ್ಸ್ ಬೆಳೆದಂತೆ ಲಿನಕ್ಸಿಗೇ ಈ ಪ್ರಶ್ನೆ ಎದುರಾಯಿತು. ಹವ್ಯಾಸದ ವಸ್ತುವಾಗಿದ್ದುದು ಬ್ಯಾಂಕುಗಳನ್ನೂ ಆಸ್ಪತ್ರೆಗಳನ್ನೂ ನಡೆಸತೊಡಗಿದ ಮೇಲೆ, ಬಂದುದನ್ನೆಲ್ಲ ಒಳಗೆ ಸೇರಿಸುವುದು ಹೇಗೆ? ಮೊದಲು ಸರಿಸಂಖ್ಯೆ, ಬೆಸಸಂಖ್ಯೆಗಳ ಉಪಾಯವನ್ನು ಹೂಡಿದರು: ಸರಿಸಂಖ್ಯೆಯ ಆವೃತ್ತಿ ನಂಬಿ ಬಳಸುವುದಕ್ಕೆ, ಬೆಸಸಂಖ್ಯೆಯದು ಪ್ರಯೋಗಕ್ಕೆ. 2003ರ ಕೊನೆಯಲ್ಲಿ 2.6 ಬಂದ ಮೇಲೆ ಈ ಪದ್ಧತಿ ಕೈಬಿಟ್ಟುಹೋಯಿತು. 2008ರಲ್ಲಿ ಗ್ರೆಗ್ ಕ್ರೋ-ಹಾರ್ಟ್ಮನ್ ಎಂಬ ಪಾಲಕರು ಹೊಸದೊಂದು ವ್ಯವಸ್ಥೆಯನ್ನು ತಂದರು. ಅದರ ಹೆಸರು ‘ಸ್ಟೇಜಿಂಗ್’. ನಾನು ಅದನ್ನು ‘ಜಗಲಿ’ ಎಂದು ಕರೆಯುತ್ತೇನೆ. ನಮ್ಮ ಹಳೆಯ ಮನೆಗಳಲ್ಲಿ ಪರಿಚಯವಿಲ್ಲದ ದಾರಿಹೋಕನಿಗೂ ಜಗಲಿಯ ಮೇಲೆ ಜಾಗವಿತ್ತು, ನೀರು, ಬೆಲ್ಲ ಕೊಡುತ್ತಿದ್ದರು, ಅಡಿಗೆಮನೆಗೆ ಬಿಡುತ್ತಿರಲಿಲ್ಲ. ಅದೇ ರೀತಿ, ಮಟ್ಟಕ್ಕೆ ಬಾರದ ಭಾಗಗಳು ಲಿನಕ್ಸಿನ ಜೊತೆಯಲ್ಲಿಯೇ ಇರುತ್ತವೆ, ಆದರೆ ಪ್ರತ್ಯೇಕವಾಗಿ. ಏನೇನು ಬಾಕಿಯಿದೆ ಎಂಬ ಪಟ್ಟಿಯನ್ನು ಜೊತೆಗಿಡಬೇಕು. ಅಂಥದನ್ನು ಬಳಕೆಗೆ ತಂದೊಡನೆ ಯಂತ್ರವು ತನ್ನ ಮೇಲೆಯೇ ಒಂದು ಕಳಂಕದ ಗುರುತನ್ನು ಹಾಕಿಕೊಳ್ಳುತ್ತದೆ. ಆ ಗುರುತಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಕಸವೆಂಬ ಅರ್ಥದ ಒರಟು ಮಾತು. ಮುಚ್ಚುಮರೆಯಿಲ್ಲ.

ಜಗಲಿಯ ಕಥೆಗಳಲ್ಲಿ ಆಂಡ್ರಾಯ್ಡಿನದು ಎಲ್ಲಕ್ಕಿಂತ ಸ್ವಾರಸ್ಯವಾದುದು. ಇಂದು ನಮ್ಮ ನಿಮ್ಮ ಜೇಬಿನ ದೂರವಾಣಿಗಳಲ್ಲಿ ಹೆಚ್ಚಿನವು ಅದರಿಂದ ನಡೆಯುತ್ತವೆ. ಅದಕ್ಕೆ ಬೇಕಾದ ಕೆಲವು ಭಾಗಗಳನ್ನು 2009ರಲ್ಲಿ ಲಿನಕ್ಸಿನ ಜಗಲಿಗೆ ಬಿಟ್ಟುಕೊಂಡರು. ಆದರೆ ಅವನ್ನು ತಿದ್ದಿ ಮೇಲಕ್ಕೆ ತರುವ ಹೊಣೆಯನ್ನು ಯಾರೂ ಹೊರಲಿಲ್ಲ. 2010ರಲ್ಲಿ ಅವೆಲ್ಲವನ್ನೂ ತೆಗೆದುಹಾಕಿದರು. ತೆಗೆದವರು ಕ್ರೋ-ಹಾರ್ಟ್ಮನ್ನರೇ. ಬರೆದವರು ದೊಡ್ಡ ಕಂಪೆನಿಯವರೆಂದು ಮುಲಾಜು ಮಾಡಲಿಲ್ಲ. 2012ರಲ್ಲಿ, ನಾವು ನೋಡಿಕೊಳ್ಳುತ್ತೇವೆಂದು ಮುಂದೆ ಬಂದವರಿದ್ದುದರಿಂದ ಅವು ಮತ್ತೆ ಜಗಲಿಗೆ ಬಂದುವು. ಅವುಗಳಲ್ಲಿ ಮುಖ್ಯವಾದ ‘ಬೈಂಡರ್’ ಎಂಬುದು 2015ರಲ್ಲಿ ಒಳಮನೆಯನ್ನು ಸೇರಿತು. 2010ರಲ್ಲಿ ಹೊರಹಾಕಲು ಮುಖ್ಯವಾದ ಕಾರಣ, ಅದು ಮುಗಿದಿರಲಿಲ್ಲ ಎಂಬುದಷ್ಟೇ ಅಲ್ಲ, ಮುಗಿಸುವವರಿರಲಿಲ್ಲ. ಈ ವ್ಯತ್ಯಾಸವನ್ನು ಕೇಳುಗರು ಗಮನದಲ್ಲಿಡಬೇಕು.

ಇಷ್ಟು ಪರದೇಶದ ಮಾತಾಯಿತು. ಕನ್ನಡಕ್ಕೆ ಇದರಿಂದ ಏನು ಒದಗಿತು ಎಂದು ಕೇಳಿದರೆ, ನಮ್ಮ ಲಿಪಿಯೇ ಉತ್ತರ ಹೇಳುತ್ತದೆ.

ಗಣಕಗಳೆಲ್ಲ ಒಂದೇ ರೀತಿಯಲ್ಲಿ ಅಕ್ಷರಗಳನ್ನು ಗುರುತಿಸಲೆಂದು 1990ರ ದಶಕದ ಆರಂಭದಲ್ಲಿ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆ ಬಂದಿತು. ಅದು ತಂತ್ರಾಂಶವಲ್ಲ, ತಂತ್ರಾಂಶಗಳೆಲ್ಲ ನಿಲ್ಲುವ ತಳಪಾಯ. ಹಳಗನ್ನಡದ ‘ೞ’ಕಾರಕ್ಕೂ ಅದರಲ್ಲಿ ಸ್ಥಾನ ಕೊಟ್ಟರು. ಆದರೆ ಹೆಸರಿಡುವಾಗ ಎಡವಿ, ಅದನ್ನು ‘ಫ’ ಎಂದು ದಾಖಲಿಸಿದರು! ಕನ್ನಡ ಬಲ್ಲವನೊಬ್ಬನು ಒಮ್ಮೆ ನೋಡಿದ್ದರೂ ಹಿಡಿಯಬಹುದಾಗಿದ್ದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ; ಬದಲಿಸಿದರೆ ಅದನ್ನು ನೆಚ್ಚಿದ ತಂತ್ರಾಂಶಗಳು ಕೆಡುತ್ತವೆ. ಹಾಗಾಗಿ ಹೆಸರು ಇಂದಿಗೂ ಹಾಗೆಯೇ ಇದೆ. ಅದು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಇನ್ನೊಂದು ಹೆಸರನ್ನೂ ಪಕ್ಕದಲ್ಲಿ ಸೇರಿಸಿದ್ದಾರೆ. ಕರಡಿನಲ್ಲಿ ಉಳಿದ ತಪ್ಪು ಅಚ್ಚಾದ ಮೇಲೆ ಒಪ್ಪೋಲೆಗೆ ಹೋಗುವುದನ್ನು ನಾನು ಜೀವಮಾನವೆಲ್ಲ ಕಂಡವನು. ಆದರೆ ಮರುಮುದ್ರಣದಲ್ಲಿಯೂ ತಿದ್ದಬಾರದ ತಪ್ಪನ್ನು ಕಂಡದ್ದು ಇಲ್ಲಿಯೇ.

ಎರಡನೆಯದು ಅರ್ಕಾವೊತ್ತಿನ ಪ್ರಸಂಗ. ‘ಸೂರ್ಯ’ ಎಂದು ಬರೆಯುವಾಗ ರಕಾರವು ಅರ್ಕಾವೊತ್ತಾಗಿ ಯಕಾರದ ನಂತರ ಕುಳಿತುಕೊಳ್ಳುತ್ತದೆ. ಆದರೆ ‘ರ‍್ಯಾಂಕ್’ ಎಂದು ಬರೆಯುವಾಗ ರಕಾರವೇ ನಿಂತು ಯಕಾರ ಕೆಳಗೆ ಒತ್ತಾಗಬೇಕು. ಈ ಭೇದವನ್ನು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸುತ್ತಾರೆ. ಅದನ್ನು ಹಲಂತಕ್ಕೆ ಮೊದಲು ಸೇರಿಸಬೇಕೆ, ಆಮೇಲೆಯೆ ಎಂಬುದು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ನೆಲೆಗೊಳ್ಳುವ ಮೊದಲೇ ಜನ ಬರೆಯತೊಡಗಿದರು. ಪರಿಣಾಮವಾಗಿ ಎರಡು ಕ್ರಮಗಳೂ ಬಳಕೆಯಲ್ಲಿ ಉಳಿದುವು. ಅಕ್ಷರಗಳನ್ನು ಜೋಡಿಸಿ ತೋರಿಸುವ ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶದಲ್ಲಿ, ಕನ್ನಡದ ಹಳೆಯ ರೂಢಿಗಾಗಿ ಎಂದೇ ಒಂದು ವಿಶೇಷ ನಿಯಮವನ್ನು ಬರೆದಿದ್ದಾರೆ: ಹಳೆಯ ಕ್ರಮ ಕಂಡರೆ ಅದನ್ನು ಹೊಸ ಕ್ರಮದಂತೆಯೇ ತಿಳಿಯತಕ್ಕದ್ದು. ಅಂದಿನ ಅಪೂರ್ಣತೆಯ ಸಾಲವನ್ನು ಇಂದಿನವರು ತೀರಿಸುತ್ತಿದ್ದಾರೆ.

ಹಾಗಾದರೆ ಎಲ್ಲವೂ ನೆಲೆಗೊಳ್ಳುವವರೆಗೆ ಕಾಯಬೇಕಾಗಿತ್ತೆ? ಹಾರ್ಫ್‌ಬಝ್ ತಂತ್ರಾಂಶದ ಇತಿಹಾಸವೇ ಇಲ್ಲವೆನ್ನುತ್ತದೆ. ಪಾರಸಿ ನುಡಿಯಿಂದ ಹೆಸರು ಪಡೆದ ಈ ತಂತ್ರಾಂಶದ ಮುಖ್ಯ ಕರ್ತೃ ಇರಾನ್ ಮೂಲದ ಬೆಹದಾದ್ ಎಸ್ಫಹ್ಬೋದ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಅಕ್ಷರಗಳನ್ನು ಜೋಡಿಸುವುದು ಇದೇ. 2012ರ ಸುಮಾರಿಗೆ ಅವರು ಭಾರತೀಯ ಲಿಪಿಗಳ ಭಾಗವನ್ನು ಹೊಸದಾಗಿ ಬರೆಯುವಾಗ ಅನುಸರಿಸಿದ ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. ಪ್ರತಿಯೊಂದು ಭಾಷೆಯ ವಿಕಿಪೀಡಿಯದಿಂದಲೂ ಪದಗಳನ್ನು ಆರಿಸಿ, ತಮ್ಮ ತಂತ್ರಾಂಶ ಅವನ್ನು ಜೋಡಿಸುವ ರೀತಿಯನ್ನು ಮೈಕ್ರೋಸಾಫ್ಟಿನವರ ರೀತಿಗೆ ಹೋಲಿಸಿ, ಹೊಂದದೆ ಉಳಿದವೆಷ್ಟು ಎಂಬುದನ್ನು ಬದಲಾವಣೆಗಳ ಜೊತೆಯಲ್ಲಿಯೇ ಬರೆದಿಡುತ್ತಿದ್ದರು. ಕನ್ನಡಕ್ಕೆ 9,51,913 ಪದಗಳ ಪರೀಕ್ಷೆ. ಒಂದು ಹಂತದಲ್ಲಿ ಅವುಗಳಲ್ಲಿ 9,51,190 ಹೊಂದಿದುವು, 723 ಹೊಂದಲಿಲ್ಲ. ಹೊಂದದವೆಲ್ಲ ತಪ್ಪೇ ಆಗಬೇಕಾಗಿಲ್ಲ. ಕೆಲವೆಡೆ ಎದುರಿನದೇ ತಪ್ಪಿರಬಹುದು. ಆದರೂ ಕೆಲಸ ಮುಗಿದಿಲ್ಲವೆಂದು ಒಪ್ಪಿ, ಎಷ್ಟು ಮುಗಿದಿಲ್ಲ ಎಂದು ಎಣಿಸಿ, ಎಣಿಕೆಯನ್ನು ಎಲ್ಲರೆದುರು ಇಡುವುದು ಎಂಥ ಪ್ರಾಮಾಣಿಕತೆ! ೞಕಾರವನ್ನು ಫಕಾರವೆಂದು ಬರೆದವರು ಕೆಟ್ಟವರಲ್ಲ. ಎಣಿಸಲಿಲ್ಲ, ಬಲ್ಲವರನ್ನು ಕೇಳಲಿಲ್ಲ, ಅಷ್ಟೆ.

ಈಚಿನ ಎರಡು ಪ್ರಸಂಗಗಳನ್ನು ಹೇಳಿ ಇತಿಹಾಸವನ್ನು ಮುಗಿಸುತ್ತೇನೆ. ಕಾಲದ ಮಿತಿಯೊಳಗೆ ತಪ್ಪದೆ ಉತ್ತರ ಕೊಡುವ ಶಕ್ತಿಯನ್ನು ಲಿನಕ್ಸಿಗೆ ತರುವ ಕೆಲಸ ಸುಮಾರು ಇಪ್ಪತ್ತು ವರ್ಷ ಹೊರಗಡೆಯೇ ನಡೆಯಿತು. ಅದನ್ನು ಮಾಡಿದವರು ಹಟ ಹಿಡಿಯಲಿಲ್ಲ. ಸಿದ್ಧವಾದ ತುಂಡುಗಳನ್ನು ಒಂದೊಂದಾಗಿ ಒಳಕ್ಕೆ ಕೊಡುತ್ತ ಬಂದರು. ಕೊನೆಯ ತುಂಡು 2024ರ ಸೆಪ್ಟೆಂಬರಿನಲ್ಲಿ ಸೇರಿತು. ಇನ್ನೊಂದು, ‘ಬಿಕ್ಯಾಷ್ ಎಫ್ಎಸ್’ ಎಂಬ, ಕಡತಗಳನ್ನು ಕಾಪಾಡಿಡುವ ವ್ಯವಸ್ಥೆ. ಪ್ರಯೋಗಾವಸ್ಥೆಯಲ್ಲಿದೆ ಎಂಬ ಗುರುತಿನೊಡನೆ 2024ರ ಜನವರಿಯ ಆವೃತ್ತಿಯಲ್ಲಿ ಅದಕ್ಕೆ ಪ್ರವೇಶ ದೊರೆಯಿತು. ಹೊಸದನ್ನು ಸೇರಿಸುವ ಅವಧಿ ಮುಗಿದ ಮೇಲೆ ದೋಷಪರಿಹಾರ ಮಾತ್ರ ಬರಬೇಕೆಂಬುದು ಮನೆಯ ಕಟ್ಟಳೆ. ಬಳಕೆದಾರರ ಕಡತಗಳು ಉಳಿಯಬೇಕಾದರೆ ದೊಡ್ಡ ಬದಲಾವಣೆಯೂ ಈಗಲೇ ಬೇಕೆಂಬುದು ಕರ್ತೃವಿನ ವಾದ. ಜಗಳ ಬೆಳೆಯಿತು, 2025ರ ಕೊನೆಯ ವೇಳೆಗೆ ಅದು ಲಿನಕ್ಸಿನಿಂದ ಹೊರಬಿದ್ದಿತು. ಮೊದಲಿನವರಿಗೂ ಕೆಲಸ ಮುಗಿದಿರಲಿಲ್ಲ, ಇವರಿಗೂ ಮುಗಿದಿರಲಿಲ್ಲ. ಒಬ್ಬರು ಮನೆಯವರೊಡನೆ ಹೊಂದಿಕೊಂಡು ಉಳಿದರು, ಇನ್ನೊಬ್ಬರಿಗೆ ಅದು ಸಾಧ್ಯವಾಗಲಿಲ್ಲ.

ಇಲ್ಲಿ ಒಂದು ವಿವೇಕವನ್ನು ಮಾಡಿಕೊಳ್ಳುವುದು ಒಳ್ಳೆಯದು. ಭಾಗವೇ ಬೇರೆ, ಅರೆಯೇ ಬೇರೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತು, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ. ಎಂಟೂ ಆಗಲೆಂದು ಕಾದಿದ್ದರೆ ಒಂದು ಇಡೀ ತಲೆಮಾರು ನಿಘಂಟನ್ನು ಕಾಣದೆ ಹೋಗುತ್ತಿತ್ತು. ಆದರೆ ಮೊದಲ ಸಂಪುಟದಲ್ಲಿದ್ದ ಪದಕ್ಕೆ ಅರ್ಥವನ್ನು ಅರ್ಧ ಬರೆದು ಬಿಟ್ಟಿರಲಿಲ್ಲ. ಕೊಟ್ಟಷ್ಟು ಪೂರ್ಣವಾಗಿದ್ದು, ಕೊಡದಿರುವುದು ಇನ್ನೂ ಇದೆ ಎಂಬುದು ಅದು ಭಾಗ. ಕೊಟ್ಟದ್ದೇ ಅಲ್ಲಲ್ಲಿ ನಿಜ, ಅಲ್ಲಲ್ಲಿ ಸುಳ್ಳು ಎಂಬುದು ಅರೆ. ಭಾಗವನ್ನು ಸ್ವೀಕರಿಸಲು ಅನುಮಾನಿಸಬೇಕಾಗಿಲ್ಲ. ಅರೆಯನ್ನು ಸ್ವೀಕರಿಸುವಾಗ ಮಾತ್ರ ಎಚ್ಚರ ಬೇಕು.

ಮತ್ತೆ ನಮ್ಮ ನಡುಮನೆಗೆ ಬರೋಣ. ಆ ದಿನ ನಾನು ಸುಲಭವಾಗಿ ಬಾಯಿಬಿಡಲಾರದೆ ಕುಳಿತಿದ್ದುದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಹಳಗನ್ನಡದ ಕ್ರಿಯಾರೂಪಗಳನ್ನು ಯಂತ್ರಕ್ಕೆ ಕಲಿಸುವ ಭಾಗವೊಂದನ್ನು ತಂದಿದ್ದ. ಮುಕ್ಕಾಲು ಪಾಲು ಆಗಿತ್ತು. ಕರಡು ತಿದ್ದುವವನ ಕಣ್ಣಿಗೆ ಕಾಣುವುದು ಉಳಿದ ಕಾಲು ಪಾಲೇ. ಅದನ್ನು ಮುಗಿಸಿ ಬಾ ಎಂದು ಕಳುಹಿಸಿದೆ. ಅವನು ಮತ್ತೆ ಬರಲಿಲ್ಲ. ಮುಗಿಸಲೂ ಇಲ್ಲವೆಂದು ಆಮೇಲೆ ತಿಳಿಯಿತು. ಆ ಕಡತ ನನ್ನ ಬಳಿ ಇಂದಿಗೂ ಇದೆ. ಅದನ್ನು ಅರ್ಥಮಾಡಿಕೊಂಡು ಮುಂದುವರಿಸುವವರು ಸಿಕ್ಕಿಲ್ಲ. ಅದಾದ ಮೇಲೆ, ಆ ಪಶ್ಚಾತ್ತಾಪದಲ್ಲಿ, ಬೇರೊಬ್ಬರು ತಂದ ಅರೆಗೆಲಸವನ್ನು ಒಂದು ಮಾತೂ ಆಡದೆ ಸೇರಿಸಿದೆವು. ಅವರಿಗೆ ದೂರದ ಊರಿನಲ್ಲಿ ಕೆಲಸವಾಯಿತು, ಹೋದರು. ಅವರು ಬರೆದದ್ದು ಉಳಿದ ಭಾಗಗಳೊಳಗೆ ಬೇರು ಬಿಟ್ಟಿತ್ತು. ಕಿತ್ತು ತೆಗೆಯಲು ಆರು ತಿಂಗಳು ಬೇಕಾಯಿತು. ಎರಡೂ ಸಾರಿ ನಾವು ಕೇಳಿದ್ದು ಒಂದೇ ಪ್ರಶ್ನೆ: ಕೆಲಸ ಮುಗಿದಿದೆಯೇ? ಒಮ್ಮೆ ಇಲ್ಲವೆಂದು ನಿರಾಕರಿಸಿದೆವು, ಒಮ್ಮೆ ಇಲ್ಲದಿದ್ದರೂ ಇರಲಿ ಎಂದು ಒಪ್ಪಿದೆವು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ.

ಕೆರೆ ಕಟ್ಟಿದ ನಮ್ಮ ಹಿರಿಯರಿಗೆ ಆ ಪ್ರಶ್ನೆ ಗೊತ್ತಿತ್ತು. ಏರಿಯ ಎತ್ತರ ಈ ವರ್ಷಕ್ಕೆ ಇಷ್ಟು ಸಾಕು, ಬರುವ ವರ್ಷ ಮಣ್ಣು ಹಾಕೋಣವೆಂದು ಬಿಡಬಹುದು. ಹೂಳು ಎತ್ತುವುದನ್ನು ಮುಂದಕ್ಕೆ ಹಾಕಬಹುದು. ಆದರೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ತೂಬು ಇರಬೇಕು, ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಹೋಗುವ ಕೋಡಿ ಇರಬೇಕು, ನೀರಗಂಟಿ ಇರಬೇಕು. ಕೋಡಿಯಿಲ್ಲದ ಕೆರೆ ಎಷ್ಟು ಚೆನ್ನಾಗಿ ಮುಗಿದಿದ್ದರೂ ಊರಿಗೆ ಅಪಾಯ.

ನಾನು ಆ ಹುಡುಗಿಗೆ ಕೇಳಿದೆ: “ಏನಮ್ಮ, ಇದರಲ್ಲಿ ಏನೇನು ಬಾಕಿಯಿದೆ ಎಂದು ನಿನಗೆ ಗೊತ್ತೇ?”

“ಗೊತ್ತು ಸಾರ್, ಬರೆದುಕೊಡ್ತೀನಿ” ಎಂದು ಅಲ್ಲಿಯೇ ಕುಳಿತು ಬರೆದಳು. ಹನ್ನೊಂದು ಅಂಶಗಳಾದುವು. ಮೊದಲನೆಯದೇ ‘ಹೊಸಕೆರೆ’.

ಹಿರಿಯರು ಆ ಹಾಳೆಯನ್ನು ಎರಡು ಸಲ ಓದಿದರು. ಸಂಧಿ ಬಿಡಿಸುವ ಭಾಗವನ್ನು ಸೇರಿಸಿಕೊಂಡು, ಬಳಸುವವನು ತಾನಾಗಿ ಬೇಕೆಂದಾಗ ಮಾತ್ರ ತೆರೆದುಕೊಳ್ಳುವಂತೆ ಮುಚ್ಚಿಡುವುದೆಂದೂ, ಹಾಳೆಯನ್ನು ಅದರ ಜೊತೆಗೇ ಎಲ್ಲರಿಗೂ ಕಾಣುವಂತೆ ಇಡುವುದೆಂದೂ, ಮಿಕ್ಕ ಭಾಗಗಳು ಯಾವುವೂ ಅದನ್ನು ನೆಚ್ಚಬಾರದೆಂದೂ, ಒಂದು ವರ್ಷದವರೆಗೆ ಯಾರೂ ಅದನ್ನು ಮುಟ್ಟದಿದ್ದರೆ ಯಾವ ಚರ್ಚೆಯೂ ಇಲ್ಲದೆ ತೆಗೆಯುವುದೆಂದೂ ಗೊತ್ತುಮಾಡಿದೆವು. ಆಕೆಗೆ ತೊಂದರೆಯಾದರೆ ನೋಡಿಕೊಳ್ಳುವ ಎರಡನೆಯ ಹೆಸರು ಬೇಕಾಗಿತ್ತು. ಪೂರ್ತಿ ಆದಮೇಲೆ ತಾ ಎಂದಿದ್ದವರೇ ತಮ್ಮ ಹೆಸರನ್ನು ಬರೆದರು.

ಇದು ಕಳೆದ ದಸರೆಯ ಹೊತ್ತಿನ ಮಾತು. ಹನ್ನೊಂದರಲ್ಲಿ ನಾಲ್ಕು ಅಂಶಗಳು ಮುಗಿದಿವೆ. ‘ಕಂಬನಿ’ಯನ್ನು ಯಂತ್ರ ಈಗ ಬಿಡಿಸುತ್ತದೆ. ‘ಅರೆಗೆಲಸ’ವೆಂದು ಬರೆದರೆ ಮೊದಲಿನಿಂದಲೂ ಆಕ್ಷೇಪಿಸಿದ್ದಿಲ್ಲ. ‘ಹೊಸಕೆರೆ’ಯ ಕೆಳಗಿನ ಕೆಂಪು ಗೆರೆ ಮಾತ್ರ ಇನ್ನೂ ಹೋಗಿಲ್ಲ. ಆ ಒಂದು ಹೆಸರನ್ನು ಪಟ್ಟಿಗೆ ಸೇರಿಸಿಬಿಟ್ಟರೆ ಐದು ನಿಮಿಷದಲ್ಲಿ ಹೋಗುತ್ತದೆ, ಸೇರಿಸಲೇ ಎಂದು ಕೇಳಿದೆ. ಆಕೆ ಒಪ್ಪಲಿಲ್ಲ, ಯಾವ ಪದಗಳಲ್ಲಿ ಕಕಾರ ಗಕಾರವಾಗದೆ ಉಳಿಯುತ್ತದೆ ಎಂಬುದರ ಕಾರಣ ಸಿಕ್ಕುವವರೆಗೆ ಅದು ಬಾಕಿಯ ಪಟ್ಟಿಯಲ್ಲಿಯೇ ಇರಲಿ ಎಂದಳು. ಅಂಥ ಪದಗಳನ್ನು ಆರಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.